ನಾನು ಕದಿಯದ ಉಪ್ಪಿನಕಾಯಿ

ಬೈಲಹೊಂಗಲದಿಂದ ರಾಮದುರ್ಗದವರೆಗೆ ನನ್ನನ್ನು ಉಪ್ಪಿನಕಾಯಿ ಕಳ್ಳಿ ಎಂದು ಬಲ್ಲವರು ಈಗ ಸಾಕಷ್ಟು ಮಂದಿ ಇದ್ದಾರೆ. ಶಾಲೆಯಲ್ಲಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಜೊತೆಯವರು ಉಪ್ಪಿನಕಾಯಿಯ ಸಣ್ಣ ಡಬ್ಬಿಯನ್ನು ನನ್ನ ಕೈಗೆ ಸಿಗದ ಹಾಗೆ ಆಚೆ ಸರಿಸಿ ನಗುತ್ತಾರೆ. ನನಗೆ ಬಿ.ಪಿ. ಇದೆ. ಉಪ್ಪಿನಕಾಯಿ ಬಿಟ್ಟು ಆರು ವರ್ಷವಾಯಿತು. ಬಿಡುವ ಮೊದಲೂ ಅದರ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಆದರೂ ಈ ಹೆಸರನ್ನು ಬೇರೆ ಯಾರೂ ನನಗೆ ಕಟ್ಟಲಿಲ್ಲ. ಓಡುವ ಬಸ್ಸಿನಲ್ಲಿ ಕೂತು, ನನ್ನ ಬಾಯಿಂದಲೇ, ನಾನೇ ಸಂಪಾದಿಸಿಕೊಂಡೆ.

ನಾನು ಬೈಲಹೊಂಗಲದವಳು, ಸವದತ್ತಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹನ್ನೊಂದು ವರ್ಷದಿಂದ ಬೆಳಿಗ್ಗೆ ಅದೇ ರಾಮದುರ್ಗದ ಬಸ್ಸು ಹತ್ತಿ ನಡುವೆ ಸವದತ್ತಿಯಲ್ಲಿ ಇಳಿಯುವುದು ನನ್ನ ಪಾಡು. ಈ ಬಸ್ಸಿನಲ್ಲಿ ಸೀಟು ಸಿಗುವುದು ಟಿಕೆಟ್ಟಿನಿಂದಲ್ಲ, ಟವೆಲ್ಲಿನಿಂದ. ಬಸ್ಸು ಸ್ಟ್ಯಾಂಡಿಗೆ ಬಂದು ಪೂರ್ತಿ ನಿಲ್ಲುವ ಮೊದಲೇ ಹೊರಗಿನಿಂದ ಕಿಟಕಿಯೊಳಗೆ ಟವೆಲ್ಲು ಎಸೆಯಬೇಕು. ಅದು ಯಾವ ಸೀಟಿನ ಮೇಲೆ ಬಿತ್ತೋ ಆ ಸೀಟು ನಿಮ್ಮದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಬರೆದಿಟ್ಟ ಎಷ್ಟೋ ಕಾನೂನುಗಳಿಗಿಂತ ಚೆನ್ನಾಗಿ ನಡೆದುಕೊಂಡು ಬಂದಿದೆ. ಟವೆಲ್ಲಿಗೆ ಪೂರ್ತಿ ಮರ್ಯಾದೆ. ಕರವಸ್ತ್ರವೂ ನಡೆಯುತ್ತದೆ. ಪೇಪರಿಗೆ ಅರ್ಧ ಮರ್ಯಾದೆ, ಏಕೆಂದರೆ ಅದನ್ನು ಎತ್ತಿಕೊಂಡು ಓದುತ್ತಾ ಅದೇ ಸೀಟಿನಲ್ಲಿ ಕೂತುಬಿಡುವ ಜನ ಇದ್ದಾರೆ. ಒಮ್ಮೆ ಯಾರೋ ಅವಸರಕ್ಕೆ ಮೆಂತ್ಯೆ ಸೊಪ್ಪಿನ ಕಟ್ಟು ಎಸೆದಿದ್ದರು. ಸೊಪ್ಪು ನಡೆಯುತ್ತದೋ ಇಲ್ಲವೋ ಎಂದು ಸವದತ್ತಿ ಬರುವವರೆಗೆ ವಾದ ನಡೆಯಿತು. ಇಳಿಯುವಾಗ ನೋಡಿದರೆ ವಾದ ಮಾಡುತ್ತಿದ್ದವರೇ ಅದರ ಮೇಲೆ ಕೂತಿದ್ದರು.

ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದ ಮೇಲಂತೂ ಟವೆಲ್ಲು ಎಸೆಯುವುದು ಒಂದು ವಿದ್ಯೆಯೇ ಆಗಿದೆ. ಹೊಗಳಿಕೊಳ್ಳಬಾರದು, ಆದರೆ ಆ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ಬೈಲಹೊಂಗಲ ಸ್ಟ್ಯಾಂಡಿನಲ್ಲಿ ಇನ್ನೂ ಹುಟ್ಟಿಲ್ಲ. ನಾನು ಒಂದಲ್ಲ, ಎರಡು ಟವೆಲ್ಲು ಎಸೆಯುತ್ತೇನೆ. ಹಸಿರು ಟವೆಲ್ಲು ಕಿಟಕಿ ಕಡೆ, ಕೆಂಪು ಟವೆಲ್ಲು ಅದರ ಪಕ್ಕ. ಕೆಂಪು ನನ್ನದು, ಹಸಿರು ನರ್ಸಬಾಯಿಯದು.

ನರ್ಸಬಾಯಿ ಅಂದರೆ ಸವದತ್ತಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಗೆಳತಿ. ನನಗಿಂತ ಎರಡು ವರ್ಷ ಸಣ್ಣವಳು, ನನ್ನನ್ನು ಅಕ್ಕಾ ಅನ್ನುತ್ತಾಳೆ. ಅವಳ ಮನೆ ದೊಡವಾಡದಲ್ಲಿ. ಅಲ್ಲಿಂದ ಬೈಲಹೊಂಗಲಕ್ಕೆ ಬರುವ ಬಸ್ಸಿಗೂ ನಮ್ಮ ಬಸ್ಸಿಗೂ ಏನೋ ಹಳೆಯ ಹಗೆ ಇದ್ದಂತಿದೆ. ನಮ್ಮ ಡ್ರೈವರು ಗಾಡಿ ಚಾಲೂ ಮಾಡುವುದಕ್ಕೂ ಆ ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವುದಕ್ಕೂ ಸರಿಹೋಗುತ್ತದೆ. ಅವಳು ಇಳಿದು, ಓಡಿ, ಹತ್ತುವಷ್ಟರಲ್ಲಿ ಒಳಗೆ ಕಾಲಿಡಲು ಜಾಗ ಇರುವುದಿಲ್ಲ. ಹಸಿರು ಟವೆಲ್ಲು ಇಲ್ಲದಿದ್ದರೆ ಒಂದು ತಾಸಿಗೂ ಮಿಕ್ಕಿ ನಿಂತೇ ಹೋಗಬೇಕು, ಹೋಗಿ ಮತ್ತೆ ಸಂಜೆಯವರೆಗೆ ವಾರ್ಡಿನಲ್ಲಿ ನಿಲ್ಲಬೇಕು.

ಅವಳಿಗೆ ಕಿಟಕಿಯೇ ಯಾಕೆ ಅಂದರೆ, ಹನ್ನೊಂದು ವರ್ಷದ ಹಿಂದೆ ಮೊದಲನೇ ದಿನ ಅವಳು ಸ್ಟ್ಯಾಂಡಿನಲ್ಲಿ ಹಳಸಿದ ಮಿರ್ಚಿ ಭಜಿ ತಿಂದು ಬಂದಿದ್ದಳು. ಮುಖ ಬಿಳಿಚಿಕೊಂಡಿತ್ತು. ಪಾಪ ಎಂದು ಎದ್ದು ನನ್ನ ಕಿಟಕಿ ಸೀಟು ಕೊಟ್ಟೆ. ಮರುದಿನವೂ ಕೊಟ್ಟೆ. ಮೂರನೇ ದಿನದಿಂದ ಅದು ಪದ್ಧತಿಯಾಯಿತು. ಭಜಿ ಅವತ್ತೇ ಹೊರಗೆ ಹೋಗಿತ್ತು, ಪದ್ಧತಿ ಮಾತ್ರ ಉಳಿಯಿತು.

ನನಗೆ ಸಣ್ಣವಳಿದ್ದಾಗಿನಿಂದ ಕಿಟಕಿ ಸೀಟೆಂದರೆ ಪ್ರಾಣ. ಹತ್ತಿ ಒಡೆದ ಹೊಲ, ಕುಸುಬಿ, ಬಾರುಕೋಲು ಹೆಗಲಿಗಿಟ್ಟುಕೊಂಡು ಬಸ್ಸಿನವರನ್ನೇ ದಿಟ್ಟಿಸಿ ನೋಡುವ ರೈತರು, ಇವನ್ನೆಲ್ಲ ನಾನು ಹನ್ನೊಂದು ವರ್ಷ ಅವಳ ಭುಜದ ಮೇಲಿಂದ ಇಣುಕಿ ನೋಡಿದೆ. ಅವಳು ನೋಡುತ್ತಿದ್ದಳೇ? ಇಲ್ಲ. ಕೂತ ಕೂಡಲೇ ಎಡಗಿವಿಗೆ ಅರಳೆ ತುರುಕಿ, ಮೇಲೆ ಸೆರಗು ಬಿಗಿಯಾಗಿ ಸುತ್ತಿ, ಕಣ್ಣು ಮುಚ್ಚುತ್ತಿದ್ದಳು. ಅರಳೆ ಕೊಡುತ್ತಿದ್ದವರು ಹಿಂದಿನ ಸೀಟಿನ ಚಾಚಾ. ಗಾದಿ ಹೊಲಿಯುವುದು ಅವರ ಕಸಬು, ಸವದತ್ತಿ ಪೇಟೆಯಲ್ಲಿ ಅಂಗಡಿ. ಚೀಲದಿಂದ ಒಂದು ಚೂರು ಅರಳೆ ಕಿತ್ತು ದಿನಾ ಅವಳ ಕೈಗೆ ಕೊಡುತ್ತಿದ್ದರು. ನನ್ನ ಮಾತು ಕೇಳಬಾರದೆಂದು ಇವಳು ಕಿವಿ ಮುಚ್ಚಿಕೊಳ್ಳುತ್ತಾಳೆ ಎಂದೇ ನಾನು ಅಂದುಕೊಂಡಿದ್ದೆ. ನಾನು ಮಾತಾಡುವುದು ಸ್ವಲ್ಪ ಹೆಚ್ಚೇ, ಹಾಗಾಗಿ ಕೇಳಲು ಹೋಗಲಿಲ್ಲ. ಒಳಗೊಳಗೇ ಸಿಟ್ಟು ಮಾತ್ರ ಇತ್ತು. ಹೊರಗೆ ನೋಡದವಳಿಗೆ ಕಿಟಕಿ, ನೋಡುವವಳಿಗೆ ಅವಳ ಭುಜ.

ಈ ವರ್ಷ ಅವಳ ಮಗಳಿಗೆ ರಾಮದುರ್ಗದಿಂದ ಒಂದು ಸಂಬಂಧ ಬಂತು. ಸೀರೆ ವ್ಯಾಪಾರದ ಮನೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ, ಮಾತಾಡಿ, ಒಪ್ಪಿಕೊಂಡಿದ್ದರು. ಅದರಲ್ಲೂ ಹುಡುಗಿ ಎಷ್ಟು ಒಪ್ಪಿದ್ದಳೆಂದರೆ, ಎರಡು ಸಲ ಹಾಲು ಒಲೆಯ ಮೇಲಿಟ್ಟು ಮರೆತು ಪಾತ್ರೆ ಸುಟ್ಟಿದ್ದಳಂತೆ. ಉಳಿದದ್ದು ಹುಡುಗನ ಸೋದರತ್ತೆಯ ಮಾತು. ಆ ಮನೆಯಲ್ಲಿ ಆಕೆ ಹೂಂ ಅನ್ನದೆ ಯಾವ ಮದುವೆಯೂ ಆಗಿಲ್ಲ. ನಮ್ಮ ಕಡೆ ಸಂಬಂಧ ಮಾಡುವ ಮೊದಲು ವಿಚಾರಿಸುವುದು ಮನೆಗೆ ಬಂದಲ್ಲ. ಮನೆಗೆ ಹೋದರೆ ಎಲ್ಲರೂ ಒಳ್ಳೆಯವರೇ, ಅವಲಕ್ಕಿಯಲ್ಲಿ ಶೇಂಗಾನೂ ಹೆಚ್ಚು ಇರುತ್ತದೆ. ಹಿಟ್ಟಿನ ಗಿರಣಿಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಕೇಳುತ್ತಾರೆ. ಹೀಗಾಗಿ ನರ್ಸಬಾಯಿ ಆ ದಿನಗಳಲ್ಲಿ ಬಸ್ಸಿನಲ್ಲಿ ಕೆಮ್ಮುವುದನ್ನೂ ಮೆಲ್ಲಗೆ ಕೆಮ್ಮುತ್ತಿದ್ದಳು.

ಸರಿಯಾಗಿ ಆ ಹೊತ್ತಿಗೆ ನಾನು ಸಂತೋಷ ಹುಡುಕಲು ಹೊರಟೆ.

ಕಿತ್ತೂರಿನಲ್ಲಿ ನನ್ನ ತಂಗಿ ಇದ್ದಾಳೆ. ಅಲ್ಲಿನ ಒಂದು ಕಲ್ಯಾಣ ಮಂಟಪದಲ್ಲಿ ಭಾನುವಾರ ಸಂತೋಷದ ಶಿಬಿರ ಇದೆ, ಊಟವೂ ಇದೆ ಎಂದು ಫೋನು ಮಾಡಿ ಕರೆದಳು. ಭಾಷಣಕಾರ ಬಿಳಿ ಬೂಟು ಹಾಕಿ, ಕೆನ್ನೆಗೆ ಮೈಕು ಅಂಟಿಸಿಕೊಂಡು, ವೇದಿಕೆಯ ಮೇಲೆ ಈ ಕಡೆಯಿಂದ ಆ ಕಡೆ ಓಡಾಡುತ್ತಿದ್ದರು. ನೀವು ಕೊನೆಯ ಸಲ ನಿಮಗೋಸ್ಕರ ಏನು ಮಾಡಿಕೊಂಡಿರಿ ಎಂದು ಕೇಳಿದರು. ನನ್ನ ಪಕ್ಕದ ಹೆಂಗಸು ಜ್ಞಾಪಿಸಿಕೊಂಡು ಜ್ಞಾಪಿಸಿಕೊಂಡು, ಹಲ್ಲು ಕೀಳಿಸಿಕೊಂಡೆ ಅಂದಳು. ವಿಮಾನದಲ್ಲಿ ಉಸಿರಾಡುವ ಗಾಳಿ ಕಡಿಮೆಯಾದರೆ ಮೊದಲು ನಿಮ್ಮ ಮೂಗಿಗೆ ಮುಖವಾಡ ಕಟ್ಟಿಕೊಳ್ಳಿ, ಆಮೇಲೆ ಪಕ್ಕದವರಿಗೆ, ಇದು ಸ್ವಾರ್ಥವಲ್ಲ, ಇದೇ ನೀತಿ ಎಂದರು ಭಾಷಣಕಾರ. ಆಗ ಹಿಂದಿನ ಸಾಲಿನಲ್ಲಿ ಎಂ.ಕೆ. ಹುಬ್ಬಳ್ಳಿಯಿಂದ ಬಂದಿದ್ದ ಒಬ್ಬ ಕಬ್ಬಿನ ರೈತರು ಎದ್ದು ನಿಂತು, "ನಾವು ಬಸ್ಸಿನ್ಯಾಗ ಅಡ್ಡಾಡವ್ರರಿ. ಬಸ್ಸಿನ್ಯಾಗ ಹೆಂಗ ಮಾಡೋದು?" ಎಂದು ಕೇಳಿದರು. ಎಲ್ಲರೂ ನಕ್ಕರು, ಭಾಷಣಕಾರರೂ ನಕ್ಕರು. ನಾನು ನಗಲಿಲ್ಲ. ಬಸ್ಸಿನಲ್ಲಿ ಹೇಗೆ ಮಾಡುವುದು ಎಂಬುದು ನನಗೆ ಮಿಂಚಿನಂತೆ ಹೊಳೆದುಬಿಟ್ಟಿತ್ತು.

ಹೊರಡುವಾಗ ಎಲ್ಲರಿಗೂ ಒಂದು ಚಂದದ ನೋಟುಬುಕ್ಕು ಕೊಟ್ಟರು. ದಿನಾ ನಿಮಗೋಸ್ಕರ ಮಾಡಿಕೊಂಡ ಒಂದು ಕೆಲಸ ಅದರಲ್ಲಿ ಬರೆಯಬೇಕು. ಇಪ್ಪತ್ತೊಂದು ದಿನ ಬರೆದರೆ ಸಂತೋಷ ತಾನೇ ಮನೆ ಹುಡುಕಿಕೊಂಡು ಬರುತ್ತದೆ.

ಸೋಮವಾರ ಬೆಳಿಗ್ಗೆ ನಾನು ಒಂದೇ ಟವೆಲ್ಲು ಎಸೆದೆ. ಕೆಂಪು, ಕಿಟಕಿ ಕಡೆ. ಹತ್ತಿ ಕೂತೆ. ಪಕ್ಕದಲ್ಲಿ ಉಳ್ಳಾಗಡ್ಡಿ ಚೀಲ ಹಿಡಿದುಕೊಂಡ ಹೆಂಗಸೊಬ್ಬಳು ಬಂದು ಕೂತಳು. ಕೂರುವ ಮೊದಲು ಇದು ನರ್ಸಬಾಯಿ ಜಾಗ ಅಲ್ಲೇನು ಎಂದು ಕೇಳಿದಳು. ಅಲ್ಲ ಅಂದೆ. ನರ್ಸಬಾಯಿ ಓಡುತ್ತಾ ಬಂದು ಹತ್ತಿದಳು. ರೂಢಿಯ ಪ್ರಕಾರ ನಮ್ಮ ಸೀಟಿನವರೆಗೆ ನುಗ್ಗಿ ಬಂದವಳು ನಿಂತುಬಿಟ್ಟಳು. ನನ್ನ ಮುಖ ನೋಡಿದಳು, ಉಳ್ಳಾಗಡ್ಡಿ ನೋಡಿದಳು, ಆಮೇಲೆ ಮೇಲಿನ ಕಂಬಿ ಹಿಡಿದುಕೊಂಡಳು. ಒಂದು ಮಾತೂ ಕೇಳಲಿಲ್ಲ. ನಾನು ಹತ್ತಿ ಹೊಲ ನೋಡಿದೆ. ಅವತ್ತು ನೋಟುಬುಕ್ಕಿನಲ್ಲಿ ಬರೆದೆ: ಕಿಟಕಿ ಪಕ್ಕ ಕೂತೆ, ಗಾಳಿ ಚೆನ್ನಾಗಿತ್ತು.

ಮಂಗಳವಾರ ಚೀಲದಲ್ಲಿದ್ದ ಪೇರಲ ಹಣ್ಣನ್ನು ಯಾರಿಗೂ ಹೋಳು ಕೊಡದೆ ಒಬ್ಬಳೇ ತಿಂದೆ. ಅದನ್ನೂ ಬರೆದೆ. ಆ ಹಣ್ಣು ಅಷ್ಟೇನೂ ಸಿಹಿ ಇರಲಿಲ್ಲ, ಆದರೆ ಶಿಬಿರದಲ್ಲಿ ಸಿಹಿಯ ಪ್ರಶ್ನೆ ಬಂದಿರಲಿಲ್ಲ.

ನಾನು ಎಣಿಸದೇ ಇದ್ದದ್ದು ಬಸ್ಸಿನ ಜನರನ್ನು. ಬುಧವಾರದ ಹೊತ್ತಿಗೆ ಇಡೀ ಬಸ್ಸಿಗೆ ನಮ್ಮ ಜಗಳದ ಸುದ್ದಿ ಮುಟ್ಟಿತ್ತು. ಜಗಳವೇ ಇಲ್ಲ ಎಂದು ನಾನು ಎಷ್ಟು ಹೇಳಿದರೂ ಅಷ್ಟು ದೊಡ್ಡ ಜಗಳ ಇರಬೇಕು ಎಂದಾಯಿತು. ಕಂಡಕ್ಟರು ಟಿಕೆಟ್ ಕೊಡುವ ನೆಪದಲ್ಲಿ ನನ್ನ ಸೀಟಿನ ಹತ್ತಿರ ಹೆಚ್ಚು ಹೊತ್ತು ನಿಲ್ಲತೊಡಗಿದ. ಬಂಗಾರದ ವಿಷಯವೇ ಎಂದು ಮುಂದಿನ ಸೀಟಿನವರು ಕೇಳಿದರು. ಹೊಲದ ಬದುವಿನ ತಂಟೆಯೇ ಎಂದು ಹಿಂದಿನವರು ಕೇಳಿದರು. ಅವಳ ಹೊಲ ದೊಡವಾಡದಲ್ಲಿ, ನನಗೆ ಹೊಲವೇ ಇಲ್ಲ. ಗಾದಿ ಚಾಚಾ ಮಾತ್ರ ತಮಗೆ ರಾಜಿ ಮಾಡಿಸಿ ಅನುಭವ ಇದೆ, ಭಾನುವಾರ ಬೇಕಾದರೆ ಇಬ್ಬರ ಮನೆಗೂ ಬರುತ್ತೇನೆ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಅವರಿಗೆ ನಾನು ಸತ್ಯವನ್ನೇ ಹೇಳಿದೆ. ಜಗಳ ಏನೂ ಇಲ್ಲ ಚಾಚಾ, ನಾನು ನನ್ನ ಸಂತೋಷ ನೋಡಿಕೊಳ್ಳುತ್ತಿದ್ದೇನೆ ಅಂದೆ. ಅವರು, ಮನೆಯಲ್ಲಿ ಯಜಮಾನರು ಆರಾಮ ಇದ್ದಾರೆಯೇ ಎಂದು ಕೇಳಿದರು.

ಗುರುವಾರ ನನ್ನ ಎಡಗಿವಿ ನೋಯತೊಡಗಿತು. ನಮ್ಮ ಬಸ್ಸಿನ ಆ ಕಿಟಕಿಯ ಗಾಜು ಪೂರ್ತಿ ಮುಚ್ಚುವುದಿಲ್ಲ, ನಾಲ್ಕು ಬೆರಳಿನ ಸಂದಿಯಿಂದ ಗಾಳಿ ನೇರ ಕಿವಿಗೇ ಬಂದು ಹೊಡೆಯುತ್ತದೆ. ಹಳೆಯ ಅಭ್ಯಾಸ ಬಿಡುವಾಗ ಮೊದಲ ವಾರ ಮೈ ತಕರಾರು ಮಾಡುತ್ತದೆ ಎಂದು ಭಾಷಣಕಾರರು ಮೊದಲೇ ಎಚ್ಚರಿಸಿದ್ದರು. ನನ್ನ ಕಿವಿ ತಕರಾರು ಮಾಡುತ್ತಿದೆ ಎಂದುಕೊಂಡು ಸಹಿಸಿದೆ.

ಶುಕ್ರವಾರ ನರ್ಸಬಾಯಿ ಕಂಬಿ ಹಿಡಿದುಕೊಂಡೇ ಬಗ್ಗಿ ನನ್ನ ಕಿವಿಯ ಹತ್ತಿರ ಬಂದಳು. ಕಣ್ಣು ಕೆಂಪಗಿದ್ದವು. ರಾಮದುರ್ಗದವರು ಮಾತುಕತೆ ಮುಂದೆ ಹಾಕಿದ್ದಾರೆ ಅಂದಳು. ಅಮಾವಾಸ್ಯೆ ಮುಗಿಯಲಿ ಅಂತ ನೆಪ ಹೇಳಿದ್ದಾರೆ, ಆದರೆ ಅವಳ ಬಗ್ಗೆ ಏನೋ ಕೇಳಿದ್ದಾರಂತೆ. ಹನ್ನೊಂದು ವರ್ಷ ಜೋಡಿಯಾಗಿ ಕೂತ ಗೆಳತಿಯೇ ಮಗ್ಗುಲಿಗೆ ಕೂರಿಸಿಕೊಳ್ಳುವುದಿಲ್ಲ ಅಂದರೆ ಆ ಹೆಂಗಸಿನಲ್ಲಿ ಏನೋ ಐಬು ಇರಬೇಕು, ಅಂಥ ತಾಯಿಯ ಮಗಳು ಹೇಗಿದ್ದಾಳೋ, ಎಂಬುದು ಸೋದರತ್ತೆಯ ಮಾತು. ಬಸ್ಸು ರಾಮದುರ್ಗಕ್ಕೇ ಹೋಗುವಾಗ ಅದರೊಳಗಿನ ಮಾತು ಸವದತ್ತಿಯಲ್ಲಿ ಇಳಿಯುತ್ತದೆಯೇ? ಮಗಳು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ ಎಂದು ಹೇಳಿ ನರ್ಸಬಾಯಿ ನೆಟ್ಟಗೆ ನಿಂತಳು. ಆಗಲೂ ಯಾಕೆ ಹೀಗೆ ಮಾಡಿದೆ ಎಂದು ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು, ಅಷ್ಟು ನಾಚಿಕೆ ಜೀವನದಲ್ಲಿ ಎಂದೂ ಆಗಿರಲಿಲ್ಲ. ಹಾಲು ಮರೆತು ಪಾತ್ರೆ ಸುಡುತ್ತಿದ್ದ ಹುಡುಗಿ ನನ್ನ ಒಂದು ಟವೆಲ್ಲಿನಿಂದಾಗಿ ಉಪವಾಸ ಕೂತಿದ್ದಳು.

ಶನಿವಾರ ಎರಡೂ ಟವೆಲ್ಲು ಎಸೆದೆ. ಹಸಿರು ಟವೆಲ್ಲು ಕಿಟಕಿ ಕಡೆ ಬಿದ್ದದ್ದೇ ತಡ, ಬಸ್ಸಿನಲ್ಲಿ ರಾಜಿ ಆಯಿತು, ರಾಜಿ ಆಯಿತು ಎಂದು ಸುದ್ದಿ ಹಬ್ಬಿತು. ರಾಜಿ ಆಯಿತು ಅಂದರೆ ಜಗಳ ಇದ್ದದ್ದು ಖಾತ್ರಿ ಎಂದಾಯಿತು. ನಾನು ಏನು ಮಾಡಿದರೂ ಉಲ್ಟಾ ಹೊಡೆಯುತ್ತಿತ್ತು.

ಸೋಮವಾರ ದೊಡವಾಡದ ಬಸ್ಸು ಬರಲೇ ಇಲ್ಲ. ನಾನು ಹಸಿರು ಟವೆಲ್ಲು ಕಾಯುತ್ತಾ ಕೂತಿದ್ದೆ. ಅಷ್ಟರಲ್ಲಿ ಇಳಕಲ್ ಸೀರೆಯ, ಹಣೆ ತುಂಬ ವಿಭೂತಿಯ, ಅರವತ್ತು ದಾಟಿದ ಹೆಂಗಸೊಬ್ಬರು ಬಸ್ಸು ಹತ್ತಿದರು. ಕಂಡಕ್ಟರನ ಹತ್ತಿರ ಏನೋ ಕೇಳಿದರು. ಅವನು ಗಲ್ಲ ಎತ್ತಿ ನನ್ನ ಕಡೆ ತೋರಿಸಿದ. ಅವರು ಸೀದಾ ಬಂದು, ಯಾರಾದರೂ ಬರುವವರಿದ್ದಾರೆಯೇ ಎಂದು ಕೇಳಿ, ಅವರು ಬಂದರೆ ಏಳುತ್ತೇನೆ ಎಂದು ಮಾತು ಕೊಟ್ಟು, ಹಸಿರು ಟವೆಲ್ಲನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಕಿಟಕಿ ಕಡೆ ಕೂತರು. ಬಸ್ಸು ಬಿಟ್ಟಿತು. ಊರು ದಾಟುವ ಹೊತ್ತಿಗೆ ಅವರು ಸೆರಗನ್ನು ಕಿವಿಗೆ ಸುತ್ತಿಕೊಂಡು, ಈ ಗಾಳಿಯಲ್ಲಿ ಮನುಷ್ಯರು ಕೂರುತ್ತಾರೆಯೇ ಎಂದು ಗೊಣಗಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಆ ನರ್ಸಬಾಯಿ ಹೆಂಗ್ರಿ ಅಕ್ಕೋರ, ಮಂದಿ?"

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಮಾತು ಕೇಳಿದ ಕೂಡಲೇ ಇವರೇ ಆ ಸೋದರತ್ತೆ ಎಂದು ನನಗೆ ತಿಳಿಯಿತು. ಬೈಲಹೊಂಗಲದಲ್ಲಿ ಯಾರೋ ಬೀಗರ ಮನೆಗೆ ಬಂದವರು ಇದೇ ಬಸ್ಸಿನಲ್ಲಿ, ಇದೇ ಕೆಲಸಕ್ಕೆ, ರಾಮದುರ್ಗಕ್ಕೆ ಹೊರಟಿದ್ದರು. ಒಂದು ತಾಸಿನಲ್ಲಿ ಸವದತ್ತಿ ಬರುತ್ತದೆ, ಅಷ್ಟರೊಳಗೆ ಆ ಹುಡುಗಿಯ ಮದುವೆ ನನ್ನ ಬಾಯಲ್ಲಿದೆ.

ಸತ್ಯ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನು. ಸತ್ಯವನ್ನೇ ಹೇಳಿದೆ. ಅವಳಷ್ಟು ಒಳ್ಳೆಯವರು ಇಲ್ಲ, ತಪ್ಪೆಲ್ಲ ನನ್ನದು ಎಂದೆ. ಕಿತ್ತೂರಿನ ಶಿಬಿರ, ವಿಮಾನ, ಮೂಗಿನ ಮುಖವಾಡ, ಎಲ್ಲ ಬಿಡಿಸಿ ಹೇಳಿದೆ. ಅವರು ನಡುನಡುವೆ ಹೂಂಗುಟ್ಟುತ್ತಾ ಕೇಳಿ, ಕೊನೆಗೆ ನನ್ನ ಕೈ ಹಿಡಿದುಕೊಂಡು, ನೀವು ದೊಡ್ಡ ಮನಸ್ಸಿನವರು, ಗೆಳತಿಯ ತಪ್ಪನ್ನು ಇಷ್ಟು ಕಷ್ಟಪಟ್ಟು ಮುಚ್ಚುತ್ತಿದ್ದೀರಿ ಅಂದರು. ನಾನು ಇಲ್ಲ ಇಲ್ಲ, ನಾನು ಖರೇನೇ ಸ್ವಾರ್ಥಿ ಎಂದು ಆಣೆ ಇಟ್ಟೆ. ಆಣೆ ಇಟ್ಟಷ್ಟೂ ಅವರ ಕಣ್ಣಲ್ಲಿ ನನ್ನ ಬೆಲೆ ಏರುತ್ತಿತ್ತು, ನರ್ಸಬಾಯಿಯ ಬೆಲೆ ಇಳಿಯುತ್ತಿತ್ತು.

ಕೊನೆಗೆ ಸಾಕ್ಷಿಗೆ ಇರಲಿ ಎಂದು ಚೀಲದಿಂದ ನೋಟುಬುಕ್ಕು ತೆಗೆದು ಅವರ ಕೈಗೇ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಸೋಮವಾರದಿಂದ ಶುಕ್ರವಾರದವರೆಗೆ ಓದಿದರು. ಪೇರಲದ ಪುಟವನ್ನು ಎರಡು ಸಲ ಓದಿದರು. ಆಮೇಲೆ ಬುಕ್ಕನ್ನು ಮುಚ್ಚಿ, ಏನೋ ಮೈಲಿಗೆ ತಾಗಿದ ಹಾಗೆ ಎರಡೇ ಬೆರಳಿನಲ್ಲಿ ಹಿಡಿದು ನನಗೆ ವಾಪಸು ಕೊಟ್ಟರು. ಅವರ ಮುಖ ಈಗ ಬೇರೆಯಾಗಿತ್ತು. ಇಂಥವಳ ಜೊತೆ ಹನ್ನೊಂದು ವರ್ಷ ಕೂತು ಬಂದವಳು ಇನ್ನೆಂಥವಳಿರಬೇಡ ಎಂದು ಯೋಚಿಸುತ್ತಿದ್ದಾರೆ ಎಂದು ಅನ್ನಿಸಿತು. ಸತ್ಯದಿಂದ ಇನ್ನು ಉಪಯೋಗವಿಲ್ಲ ಎಂದು ಖಾತ್ರಿಯಾಯಿತು.

ಸವದತ್ತಿ ಸಮೀಪಿಸುತ್ತಿತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಮುಚ್ಚಿಡೂದಿಲ್ಲರಿ ಇನ್ನ. ಆಕಿ ಉಪ್ಪಿನಕಾಯಿ ಭರಣಿ ನಮ್ಮ ಮನ್ಯಾಗ ಇಟ್ಟಿದ್ಲರಿ. ನಾ ಅರ್ಧಾ ಕದ್ದು ತಿಂದೆ."

ಅವರು ಪೂರ್ತಿ ನನ್ನ ಕಡೆ ತಿರುಗಿ ಕೂತರು. ಒಮ್ಮೆ ಶುರುವಾದ ಮೇಲೆ ಸುಳ್ಳು ತಾನಾಗಿಯೇ ಹರಿಯಿತು. ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿ ಕೇಳಿ ಪಳಗಿದ ತಲೆ ನನ್ನದು. ತಿಂದದ್ದು ಗೊತ್ತಾಗಬಾರದೆಂದು ಭರಣಿಯನ್ನು ನಾನೇ ನೆಲಕ್ಕೆ ಹಾಕಿ ಒಡೆದೆ, ಬೆಕ್ಕು ಒಡೆಯಿತು ಎಂದು ಹೇಳಿದೆ, ಬೆಕ್ಕು ಉಪ್ಪಿನಕಾಯಿ ತಿನ್ನುತ್ತದೆಯೇ ಎಂದು ಅವಳು ಕೇಳಿದಳು, ಸಿಕ್ಕಿಬಿದ್ದ ಅವಮಾನಕ್ಕೆ ಅವಳ ಮೇಲೇ ಸಿಟ್ಟು ಮಾಡಿಕೊಂಡು ಸೀಟು ಹಿಡಿಯುವುದನ್ನು ಬಿಟ್ಟೆ, ಅಷ್ಟಾದರೂ ಅವಳು ಒಬ್ಬರ ಮುಂದೆಯೂ ನನ್ನ ಮಾನ ಕಳೆಯದೆ ವಾರವಿಡೀ ನಿಂತು ಬಂದಳು ಎಂದು ಒಂದೇ ಉಸಿರಿಗೆ ಹೇಳಿದೆ. ಕೊನೆಯದೊಂದು ಮಾತ್ರ ನಿಜವಾಗಿತ್ತು. ಅದನ್ನು ಹೇಳುವಾಗ ನನಗೆ ಅಳು ಬಂತು, ಅದೂ ನಿಜವಾದ ಅಳುವೇ.

ಸೋದರತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಸಿರು ಟವೆಲ್ಲಿನಿಂದಲೇ ಕಣ್ಣು ಒರೆಸಿಕೊಂಡರು. ತಾವು ಸಾರು ಬಡಿಸುವ ಒಂದು ಸವಟಿನ ಸಲುವಾಗಿ ನಾದಿನಿಯ ಜೊತೆ ನಾಲ್ಕು ವರ್ಷ ಮಾತು ಬಿಟ್ಟಿದ್ದನ್ನು ಹೇಳಿದರು. ಆ ಸವಟು ಕೊನೆಗೆ ತಮ್ಮ ಮಂಚದ ಕೆಳಗೇ ಸಿಕ್ಕಿತಂತೆ, ಇವತ್ತಿನವರೆಗೆ ನಾದಿನಿಗೆ ಹೇಳಿಲ್ಲವಂತೆ. ಸವದತ್ತಿ ಸ್ಟ್ಯಾಂಡಿನಲ್ಲಿ ನಾನು ಎದ್ದು ನಿಂತಾಗ ನನ್ನ ಚೀಲದ ಕಡೆ, ಅದರೊಳಗಿನ ನೋಟುಬುಕ್ಕಿನ ಕಡೆ, ಬೆರಳು ತೋರಿಸಿ ಅಂದರು:

"ಕದ್ದು ತಿಂದವ್ರನ್ನ ನಂಬಬಹುದ್ರಿ ಅಕ್ಕೋರ. ತಿಂದಿದ್ದನ್ನ ಬರದ ಇಡೋರನ್ನ ನಂಬಾಕ ಆಗೂದಿಲ್ಲ."

ಆ ಮಾತು ಸುಮಾರು ದಿನ ನನ್ನನ್ನು ಬಿಡಲಿಲ್ಲ. ಸಣ್ಣತನ ನಮ್ಮ ಜನಕ್ಕೆ ಹೊಸದಲ್ಲ. ಕದಿಯುತ್ತೇವೆ, ಮುನಿಸಿಕೊಳ್ಳುತ್ತೇವೆ, ಬೆಕ್ಕಿನ ಮೇಲೆ ಹಾಕುತ್ತೇವೆ. ಆದರೆ ಮಾಡುವಾಗ ಇದು ತಪ್ಪು ಎಂದು ಗೊತ್ತಿರುತ್ತದೆ, ಅದಕ್ಕೇ ಕದ್ದು ಮಾಡುತ್ತೇವೆ. ನಾನು ಅದನ್ನೇ ಕಿತ್ತೂರಿಗೆ ಹೋಗಿ ಕಲಿತು ಬಂದು, ವ್ರತದ ಹಾಗೆ ಮಾಡಿ, ಚಂದದ ಅಕ್ಷರದಲ್ಲಿ ಬರೆದಿಟ್ಟಿದ್ದೆ. ನೋಟುಬುಕ್ಕನ್ನು ರದ್ದಿಗೆ ಹಾಕಿದೆ. ಬರೆದದ್ದು ಐದು ಪುಟ, ಇನ್ನುಳಿದ ಹಾಳೆ ಚೆನ್ನಾಗಿತ್ತು, ಸ್ವಲ್ಪ ಹೊಟ್ಟೆ ಉರಿಯಿತು.

ಅಮಾವಾಸ್ಯೆ ಮುಗಿಯುವುದನ್ನೂ ಕಾಯದೆ ರಾಮದುರ್ಗದವರು ಹೂಂ ಅಂದರು. ಆದರೆ ನನ್ನ ಉಪ್ಪಿನಕಾಯಿ ಅವರ ಹೂಂಗಿಂತ ಮೊದಲೇ ಬೈಲಹೊಂಗಲ ಮುಟ್ಟಿತ್ತು. ಕಂಡಕ್ಟರು ದಿನಾ ನನ್ನ ಚೀಲ ನೋಡಿ ನಗುತ್ತಿದ್ದ. ಉಳ್ಳಾಗಡ್ಡಿ ಹೆಂಗಸು ನನ್ನ ಪಕ್ಕ ನಿಲ್ಲುವಾಗ ತನ್ನ ಬುತ್ತಿ ಗಂಟನ್ನು ಆ ಕಡೆಯ ಕೈಗೆ ಬದಲಾಯಿಸಿಕೊಂಡಳು. ರಾಮದುರ್ಗದಲ್ಲಿ ನಿಶ್ಚಿತಾರ್ಥದ ಊಟಕ್ಕೆ ಕೂತಾಗ ಸೋದರತ್ತೆ ಬಡಿಸುವವರನ್ನು ಕೂಗಿ, ಅಕ್ಕೋರಿಗೆ ಉಪ್ಪಿನಕಾಯಿ ನಾಲ್ಕು ಹೋಳು ಜಾಸ್ತಿ ಹಾಕಿ, ಇಲ್ಲದಿದ್ದರೆ ಭರಣಿಗೇ ಕೈ ಹಾಕುತ್ತಾರೆ ಅಂದರು. ಇಡೀ ಪಂಕ್ತಿ ನಕ್ಕಿತು. ನಾನು ಬಿ.ಪಿ. ಮರೆತು ಅಷ್ಟೂ ತಿಂದೆ. ಮದುಮಗಳು ಎದುರು ಸಾಲಿನಲ್ಲಿ ಕೂತು ಎರಡನೇ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದಳು. ಅವಳು ತಿನ್ನುವುದನ್ನು ನೋಡಿ ನನಗೆ ಆದ ಸಂತೋಷವನ್ನು ಬರೆಯಲು ಯಾವ ಬುಕ್ಕೂ ಇರಲಿಲ್ಲ, ಬೇಕೂ ಆಗಲಿಲ್ಲ.

ಹೊಳ್ಳಿ ಬರುವಾಗ ಬಸ್ಸಿನಲ್ಲಿ ಜನ ಕಡಿಮೆ. ನರ್ಸಬಾಯಿ ಕಿಟಕಿ ಕಡೆ, ನಾನು ಪಕ್ಕ. ಅಲ್ಲಿಯವರೆಗೆ ಸುಮ್ಮನಿದ್ದವಳು ಕೇಳಿದಳು.

"ಅಕ್ಕಾ, ನಮ್ಮ ಮನ್ಯಾಗ ಉಪ್ಪಿನಕಾಯಿ ಹಾಕೂದ ಇಲ್ಲಲ್ಲ. ಯಾವ ಭರಣಿ ಅದು?"

ಎಲ್ಲ ಹೇಳಿದೆ. ಶಿಬಿರ, ನೋಟುಬುಕ್ಕು, ಪೇರಲ, ಹನ್ನೊಂದು ವರ್ಷ ಕಿಟಕಿಗಾಗಿ ನಾನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಸಿಟ್ಟು, ಒಂದನ್ನೂ ಬಿಡಲಿಲ್ಲ. ಅವಳು ಬಯ್ಯುತ್ತಾಳೆ ಎಂದು ಕಾದೆ. ಅವಳು ಚೀಲದಲ್ಲಿ ಕೈಹಾಕಿ ನೋವಿನ ಮುಲಾಮಿನ ಒಂದು ಟ್ಯೂಬು ತೆಗೆದಳು. ಸೀಲು ಒಡೆದಿರಲಿಲ್ಲ. ಆ ವಾರ ನಾನು ಒಂದೇ ಟವೆಲ್ಲು ಎಸೆದದ್ದನ್ನು ಕೇಳಿ, ನನ್ನ ರಟ್ಟೆಗೆ ಏನೋ ಆಗಿದೆ, ವಯಸ್ಸಾಯಿತು ಎಂದು ತೋರಿಸಿಕೊಳ್ಳಲು ನನಗೆ ಇಷ್ಟವಿಲ್ಲ ಎಂದು ಅಂದುಕೊಂಡಿದ್ದಳಂತೆ. ಕೇಳಿದರೆ ಅಕ್ಕನಿಗೆ ಬೇಜಾರಾಗುತ್ತದೆ ಎಂದು ಮುಲಾಮನ್ನು ವಾರವಿಡೀ ಚೀಲದಲ್ಲಿಟ್ಟುಕೊಂಡು ನಿಂತು ಬಂದಿದ್ದಳು. ಟ್ಯೂಬನ್ನು ನನ್ನ ಕೈಗಿಟ್ಟು, ಒಂದು ಸಲ ನಗಲು ಶುರು ಮಾಡಿದವಳು ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಿಸಲಾಗದೆ ನಕ್ಕಳು.

"ನನಗ ಈ ಕಿಟಕಿ ಕಂಡ್ರ ಆಗೂದಿಲ್ಲ ಅಕ್ಕಾ. ಹನ್ನೊಂದ ವರ್ಷ ಆತು, ಗಾಳಿಗೆ ಕಿವಿ ಸಿಡೀತೈತಿ. ನೀ ಅಷ್ಟ ಪ್ರೀತಿಲೆ ಹಿಡೀತಿ, ಒಲ್ಲೆ ಅಂದ್ರ ಏನ ತಿಳ್ಕೋತಿ ಅಂತ ಕುಂಡ್ರತಿದ್ದೆ."

ನಾನು ಅವಳ ಕಿವಿಯ ಅರಳೆ ನೋಡಿದೆ. ವಿಜ್ಞಾನದ ಟೀಚರು, ಹನ್ನೊಂದು ವರ್ಷ ಪಕ್ಕದಲ್ಲೇ ಕೂತು, ನಾಲ್ಕು ಬೆರಳಿನ ಸಂದಿಯನ್ನೂ ಕಿವಿಯ ಅರಳೆಯನ್ನೂ ಕೂಡಿಸಿ ನೋಡಿರಲಿಲ್ಲ. ಅವಳು ಅಷ್ಟರಲ್ಲಿ ಎದ್ದು ನಿಂತು, ಇನ್ನು ಮುಂದೆ ಕಿಟಕಿ ನಿನ್ನದೇ ಎಂದು ನನ್ನನ್ನು ಎಳೆದು ಒಳಗೆ ಕೂರಿಸಿದಳು. ಅವಳ ಮುಖದಲ್ಲಿ ಎಂಥ ಖುಷಿ ಇತ್ತೆಂದರೆ, ಮಗಳ ನಿಶ್ಚಿತಾರ್ಥದಲ್ಲೂ ಅಷ್ಟು ಕಂಡಿರಲಿಲ್ಲ.

ಈಗ ದಿನಾ ಕೆಂಪು ಟವೆಲ್ಲು ಕಿಟಕಿ ಕಡೆ, ಹಸಿರು ಪಕ್ಕಕ್ಕೆ. ಅವಳು ಓಡಿ ಬಂದು ಕೂತು, ನಾನು ಹೊರಗೆ ನೋಡುವುದನ್ನು ತೃಪ್ತಿಯಿಂದ ನೋಡುತ್ತಾಳೆ. ಹತ್ತಿ ಚೆನ್ನಾಗಿ ಒಡೆದಿದೆಯಲ್ಲ ಅಕ್ಕಾ ಎಂದು ಕೇಳುತ್ತಾಳೆ. ಹೌದವಾ ಅನ್ನುತ್ತೇನೆ. ಮೂರನೇ ದಿನಕ್ಕೇ ನನ್ನ ಎಡಗಿವಿ ಸಿಡಿಯತೊಡಗಿತ್ತು. ನಾಲ್ಕನೇ ದಿನ ಅವಳು ಬರುವ ಮೊದಲು ಹಿಂದೆ ತಿರುಗಿ ಚಾಚಾನ ಮುಂದೆ ಕೈ ಚಾಚಿದೆ. ಅವರು ಏನೂ ಕೇಳದೆ ಚೀಲದಿಂದ ಒಂದು ಚೂರು ಅರಳೆ ಕಿತ್ತು ಕೊಟ್ಟರು. ಅದು ಅವಳಿಗೆ ಕಾಣದ ಹಾಗೆ ಸೆರಗು ಸುತ್ತಿಕೊಳ್ಳುವುದನ್ನು ಈಗ ಕಲಿಯುತ್ತಿದ್ದೇನೆ.